‘ಕ್ಯಾರಿ ಅಂಡ್ ಲೋವೆಲ್’ ಗೀತಸಂಪುಟವೂ ಕರುಣರಸವಿಚಾರವೂ

ಕರುಣರಸದ ಪ್ರಕರಣವನ್ನು ಪಾಠ ಹೇಳುವ ಅಧ್ಯಾಪಕರಿಗೆಲ್ಲ ಒಂದು ಸ್ಥಳದಲ್ಲಿ ವಿದ್ಯಾರ್ಥಿಗಳಿಂದ ಆಕ್ಷೇಪವು ಬರುವುದುಂಟು. ಕ್ರೌಂಚಮಿಥುನದಲ್ಲಿ ಒಂದನ್ನು ಬೇಡನು ಕೊಂದುದರಿಂದ ಹುಟ್ಟಿದ ಶೋಕವೇ ಆದಿಕವಿಯಲ್ಲಿ ಶ್ಲೋಕವಾಗಿ ಪರಿಣಮಿಸಿತೆಂದು ಆನಂದವರ್ಧನನು ಹೇಳಿದನಷ್ಟೆ. ಅದಕ್ಕೆ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನು ಆ ಶೋಕವನ್ನು ಮುನಿಯ ಸ್ವಂತ ಶೋಕವೆಂದು ಭಾವಿಸಬಾರದೆಂದು ಎಚ್ಚರಿಸುತ್ತಾನೆ. ಮುನಿಯೇ ದುಃಖದಿಂದ ಬೆಂದವನಾಗಿದ್ದರೆ ಅವನಿಗೆ ಕಾವ್ಯರಚನೆಗೆ ತಕ್ಕ ಸ್ಥಿತಿಯೇ ಒದಗುತ್ತಿರಲಿಲ್ಲವೆಂಬುದು ಅವನ ಅಭಿಪ್ರಾಯ. ಹೀಗೆ ವಿವರಿಸಿದೊಡನೆ ಯಾವನಾದರೊಬ್ಬನು ಎದ್ದು, ಹಾಗಾದರೆ ತನ್ನ ದುಃಖವನ್ನು ತಾನೇ ಹಾಡಿದ ಕವಿಯ ಗತಿಯೇನೆಂದು ಕೇಳುವನು. ನಾವು ಒಂದೆರಡು ಸಿದ್ಧೋತ್ತರಗಳನ್ನು ಹೇಳಿ ಮುಂದಿನ ಪಂಕ್ತಿಗೆ ಹೋಗುವೆವು. ನಾನೂ ಮೂವತ್ತು ವರ್ಷಗಳ ಕಾಲ ಹಾಗೆಯೇ ಹೋದವನು.

ಕಳೆದ ವರ್ಷ ಈ ಸ್ಥಳದ ಪಾಠವಾದ ದಿನ, ತಾಯಿಯನ್ನು ಕಳೆದುಕೊಂಡು ಇನ್ನೂ ವರ್ಷ ತುಂಬದಿದ್ದ ಒಬ್ಬ ಶಿಷ್ಯನು ಉಳಿದವರೆಲ್ಲ ಎದ್ದುಹೋದ ಮೇಲೆ ಬಳಿಗೆ ಬಂದು, “ಗುರುಗಳೇ, ಈ ಅಮೆರಿಕದವನು ತನ್ನ ತಾಯಿ ಸತ್ತದ್ದನ್ನೇ ಹಾಡಿದ್ದಾನೆ. ತಾವು ಹೇಳಿದ ಲೆಕ್ಕದಲ್ಲಿ ಇದು ಬರಿಯ ಅಳು. ಆದರೆ ಎಷ್ಟೋ ದಿನಗಳಿಂದ ಬಾರದಿದ್ದ ನಿದ್ದೆ ನನಗೆ ಇದನ್ನು ಕೇಳಿದ ರಾತ್ರಿ ಬಂತು” ಎಂದು ಹೇಳಿ ತನ್ನ ಮೊಬೈಲನ್ನು ನನ್ನ ಕೈಗಿತ್ತನು. ಆ ಮಾತಿಗೆ ಸಿದ್ಧೋತ್ತರವು ನನ್ನಲ್ಲಿರಲಿಲ್ಲ. ಪಾಶ್ಚಾತ್ಯಸಂಗೀತದ ಲಕ್ಷಣಶಾಸ್ತ್ರವನ್ನು ನಾನು ಬಲ್ಲವನಲ್ಲ. ಶಬ್ದಾರ್ಥಗಳನ್ನು ಹಿಡಿದು ನೋಡುವುದಷ್ಟೇ ನನಗೆ ಬಂದ ವಿದ್ಯೆ. ಆ ಮಿತಿಯೊಳಗೆ ಸಂಪುಟವನ್ನು ಪುನಃ ಪುನಃ ಕೇಳಿ ತೋರಿದುದನ್ನು ವಿದ್ವಾಂಸರ ಮುಂದಿಡುತ್ತೇನೆ.

ಸಂಪುಟದ ಹೆಸರು ‘ಕ್ಯಾರಿ ಅಂಡ್ ಲೋವೆಲ್’. 2015ನೆಯ ಇಸವಿ ಮಾರ್ಚ್ 31ರಂದು ಪ್ರಕಟವಾಯಿತು. ಹನ್ನೊಂದು ಹಾಡುಗಳು, ಒಟ್ಟು ಕಾಲ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ಕರ್ತೃಗಳು 1975ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಜನಿಸಿದ ಸೂಫ್ಯಾನ್ ಸ್ಟೀವನ್ಸ್ ಅವರು. ಈ ಜಾತಿಯ ಸಂಗೀತವನ್ನು ಇಂಡೀ ರಾಕ್ ಎನ್ನುತ್ತಾರೆ. ದೊಡ್ಡ ಕಂಪೆನಿಗಳ ಆಶ್ರಯವಿಲ್ಲದೆ ಸಣ್ಣ ಸಂಸ್ಥೆಗಳ ಮೂಲಕ ತಮ್ಮ ಹಾಡುಗಳನ್ನು ಹೊರತರುವವರ ಸಂಗೀತಕ್ಕೆ ಮೊದಲು ಇದ್ದ ಈ ಹೆಸರು ಈಗ ಒಂದು ಶೈಲಿಯ ಹೆಸರೂ ಆಗಿದೆ. ರಾಕ್ ಎಂದೊಡನೆ ವಾಚಕರು ಅಬ್ಬರವನ್ನು ಊಹಿಸಬೇಕಾದುದಿಲ್ಲ. ಇಲ್ಲಿ ತಾಳವಾದ್ಯವೇ ಇಲ್ಲವೆನ್ನಬಹುದು. ಗಿಟಾರಿನ ತಂತಿಗಳನ್ನು ಬೆರಳಿನಿಂದ ಮೀಟುವ ನಾದ, ಅಲ್ಲಲ್ಲಿ ಪಿಯಾನೋ, ಹಿಂದೆ ಯಂತ್ರವಾದ್ಯದ ದೀರ್ಘವಾದ ಶ್ರುತಿ, ಪಿಸುಮಾತಿಗೆ ಸಮೀಪವಾದ ಕಂಠ, ಇಷ್ಟೇ. ಕೆಲವು ಭಾಗಗಳನ್ನು ಆರೆಗಾನ್ ಸಂಸ್ಥಾನದ ಕ್ಲಾಮತ್ ಫಾಲ್ಸ್ ಎಂಬ ಊರಿನ ಹೋಟೆಲ್ ಕೋಣೆಯಲ್ಲಿ ಕೈಯಲ್ಲಿದ್ದ ಐಫೋನಿನಲ್ಲಿಯೇ ಮುದ್ರಿಸಿಕೊಂಡಿದ್ದಾರೆ. ಇದೇ ಕರ್ತೃಗಳು 2005ರಲ್ಲಿ ‘ಇಲಿನಾಯ್’ ಎಂಬ ಸಂಪುಟದಲ್ಲಿ ತುತ್ತೂರಿ, ಪಿಟೀಲು, ಮೇಳಗಾನಗಳ ಮಹಾಸಂಭ್ರಮವನ್ನೇ ನೆರೆಯಿಸಿದವರು. ಆ ಸಾಮರ್ಥ್ಯವಿದ್ದವರು ಇಲ್ಲಿ ಬೇಕೆಂದೇ ಬಡತನವನ್ನು ವಹಿಸಿದ್ದಾರೆಂಬುದನ್ನು ನೆನಪಿನಲ್ಲಿಡತಕ್ಕದ್ದು.

ವಸ್ತುವಿನ ವಿಷಯ ಹೀಗಿದೆ. ಕ್ಯಾರಿ ಎಂಬುದು ಕರ್ತೃಗಳ ತಾಯಿಯ ಹೆಸರು. ಆಕೆ ಮನೋರೋಗದಿಂದಲೂ ಮದ್ಯವ್ಯಸನದಿಂದಲೂ ನರಳಿದವಳು. ಮಗನಿಗೆ ಒಂದು ವರ್ಷವಾಗಿದ್ದಾಗ ಸಂಸಾರವನ್ನು ಬಿಟ್ಟುಹೋದಳು. 1980ರ ಸುಮಾರಿನಲ್ಲಿ ಆಕೆ ಲೋವೆಲ್ ಬ್ರಾಮ್ಸ್ ಎಂಬವರನ್ನು ವಿವಾಹವಾದಳು. ಆ ದಾಂಪತ್ಯವು ಐದು ವರ್ಷ ನಿಂತಿತು. ಆ ಅವಧಿಯಲ್ಲಿ ಮಕ್ಕಳು ಆರೆಗಾನಿನ ಯೂಜೀನ್ ಪಟ್ಟಣಕ್ಕೆ ಹೋಗಿ ತಾಯಿಯೊಡನೆ ಮೂರು ಬೇಸಿಗೆಗಳನ್ನು ಕಳೆದರು. ತಾಯಿಯ ಸಂಗವೆಂದು ಹೇಳಿಕೊಳ್ಳಲು ಮಗನಿಗೆ ದೊರೆತುದು ಬಹುಮಟ್ಟಿಗೆ ಅಷ್ಟೆ. 2012ರ ಡಿಸೆಂಬರಿನಲ್ಲಿ ಆಕೆ ಜಠರದ ಕ್ಯಾನ್ಸರಿನಿಂದ ತೀರಿಕೊಂಡಳು. ಮಲತಂದೆಯಾದ ಲೋವೆಲ್ ಅವರ ಸ್ನೇಹವು ಮಾತ್ರ ತುಂಡಾಗಲಿಲ್ಲ. ಈ ಸಂಪುಟವನ್ನು ಪ್ರಕಟಿಸಿದ ‘ಆಸ್ಮ್ಯಾಟಿಕ್ ಕಿಟಿ’ ಎಂಬ ಸಂಸ್ಥೆಯನ್ನು ಇಬ್ಬರೂ ಕೂಡಿಯೇ ಸ್ಥಾಪಿಸಿದರು. (ಉಬ್ಬಸದ ಬೆಕ್ಕಿನಮರಿ ಎಂದು ಅದರ ಅರ್ಥ. ಹೆಸರಿಡುವುದರಲ್ಲಿ ಈ ಜನಕ್ಕಿರುವ ಧೈರ್ಯವನ್ನು ಮೆಚ್ಚಬೇಕು.)

ಮುಂದಕ್ಕೆ ಹೋಗುವ ಮೊದಲು ಒಂದು ವ್ಯವಸ್ಥೆಯನ್ನು ಹೇಳುತ್ತೇನೆ. ಲೋಕದಲ್ಲಿರುವ ಸ್ಟೀವನ್ಸ್ ಅವರನ್ನು ಬಹುವಚನದಿಂದಲೂ, ಹಾಡಿನೊಳಗೆ ನಿಂತು ಮಾತನಾಡುವ ಮಗನನ್ನು ಏಕವಚನದಿಂದಲೂ ನಿರ್ದೇಶಿಸುವೆನು. ಇದು ಮರ್ಯಾದೆಯ ಮಾತು ಮಾತ್ರವಲ್ಲ. ಇವರಿಬ್ಬರೂ ಒಬ್ಬರೇ ಹೌದೋ ಅಲ್ಲವೋ ಎಂಬುದೇ ಪ್ರಕೃತ ವಿಚಾರ.

ಪೂರ್ವಪಕ್ಷವು ಪ್ರಬಲವಾಗಿದೆ, ಏಕೆಂದರೆ ಅದನ್ನು ಎತ್ತುವವರು ಸ್ವತಃ ಕರ್ತೃಗಳು. 2015ರಲ್ಲಿ ಸಂಪುಟವು ಹೊರಬಂದಾಗಲೇ ಅವರು, ಇದು ಕಲೆಯ ಉದ್ಯಮವಲ್ಲ, ತಮ್ಮ ಬಾಳು ಎಂಬರ್ಥದ ಮಾತನ್ನು ಸಂದರ್ಶನದಲ್ಲಿ ಆಡಿದರು. 2025ರಲ್ಲಿ ದಶವಾರ್ಷಿಕ ಆವೃತ್ತಿಯು ಪ್ರಕಟವಾದಾಗ ಇನ್ನೂ ಮುಂದೆ ಹೋಗಿ, ಈ ಕೃತಿಯ ವಿಷಯದಲ್ಲಿ ತಮಗೆ ಸಂಕೋಚವಾಗುತ್ತದೆ, ತಾಯಿಯ ಬಾಳಿನ ಮೇಲಾಗಲಿ ಸಾವಿನ ಮೇಲಾಗಲಿ ಮಾತನಾಡಲು ತಮಗೆ ಅಧಿಕಾರವಿಲ್ಲ ಎಂದು ಒಪ್ಪಿಕೊಂಡರು. ಹೀಗಿರಲು ಅಭಿನವಗುಪ್ತನ ಪಕ್ಷದವರು ಗೆದ್ದೆವೆನ್ನಬಹುದು: ದುಃಖಿತನು ತನ್ನ ದುಃಖವನ್ನು ಹೇಳಿಕೊಂಡನು, ಅದು ಲೌಕಿಕ, ರಸದ ಪ್ರಸಕ್ತಿಯಿಲ್ಲ, ಕರ್ತೃವೇ ಈಗ ನಾಚುತ್ತಿದ್ದಾನೆ, ಅಲ್ಲಿಗೆ ಮುಗಿಯಿತು.

ಆದರೆ ಮುಗಿಯಲಿಲ್ಲ. ಕೃತಿಯನ್ನೇ ನೋಡೋಣ.

ಮೊದಲು ಮುಖಪುಟ. ಅಲ್ಲಿರುವುದು ಕ್ಯಾರಿ ಮತ್ತು ಲೋವೆಲ್ ಇಬ್ಬರ ಹಳೆಯ ಮಾಸಿದ ಭಾವಚಿತ್ರ. ಇದನ್ನು ಕಂಡೊಡನೆ ನನಗೆ ನೆನಪಾದುದು ಉತ್ತರರಾಮಚರಿತದ ಚಿತ್ರದರ್ಶನ. ಲಕ್ಷ್ಮಣನು ತೋರಿಸುವ ಚಿತ್ರಗಳಲ್ಲಿ ರಾಮಸೀತೆಯರು ತಮ್ಮ ಕಳೆದ ದಿನಗಳನ್ನು ನೋಡುತ್ತ, ಆಗಿಹೋದ ವಿರಹಕ್ಕೆ ಈಗ ಕಣ್ಣೀರಿಡುತ್ತಾರೆ. ಬರಲಿರುವ ವಿರಹವನ್ನು ಅರಿಯರು. ಭವಭೂತಿಯು ಅಲ್ಲಿ ಸ್ಮೃತಿಯನ್ನು ಕೇವಲ ಸಂಚಾರಿಯಾಗಿ ಬಿಡದೆ ನಾಟಕದ ಬೆನ್ನೆಲುಬಾಗಿ ಮಾಡಿದ್ದಾನೆ. ಇಂಗ್ಲಿಷಿನವರು ‘ನಾಸ್ಟಾಲ್ಜಿಯ’ ಎನ್ನುವ ಭಾವವು ನಮ್ಮ ಲೆಕ್ಕದಲ್ಲಿ ಸ್ಮೃತಿ, ಔತ್ಸುಕ್ಯ ಎಂಬೆರಡು ಸಂಚಾರಿಗಳ ಬೆರಕೆ. ಆ ಶಬ್ದವು ಹುಟ್ಟಿದುದು ಕಾವ್ಯದಲ್ಲಿ ಅಲ್ಲ, ವೈದ್ಯದಲ್ಲಿ. 1688ರಲ್ಲಿ ಯೋಹಾನ್ನೆಸ್ ಹೋಫರ್ ಎಂಬ ಸ್ವಿಸ್ ವಿದ್ಯಾರ್ಥಿಯು ಬಾಸೆಲ್ ನಗರದಲ್ಲಿ ಬರೆದ ವೈದ್ಯಪ್ರಬಂಧದಲ್ಲಿ, ಊರಿನ ಹಂಬಲದಿಂದ ಕೃಶರಾಗುವವರ ರೋಗಕ್ಕೆ ಗ್ರೀಕ್ ಪದಗಳೆರಡನ್ನು ಕೂಡಿಸಿ ಆ ಹೆಸರಿಟ್ಟನು. ರೋಗದ ಹೆಸರಾಗಿದ್ದುದು ಈಗ ಚಿಕಿತ್ಸೆಯ ಹೆಸರಾಗುವಷ್ಟು ಬದಲಾಗಿದೆ.

ಈ ಸಂಪುಟದಲ್ಲಿ ಸ್ಮೃತಿಯು ಹೇಗೆ ಕೆಲಸಮಾಡುತ್ತದೆಂದು ನೋಡಿದರೆ ಕವಿಯ ವಿವೇಕವು ಕಾಣಬರುವುದು. ‘ಷುಡ್ ಹ್ಯಾವ್ ನೋನ್ ಬೆಟರ್’, ಎಂದರೆ ಮೊದಲೇ ತಿಳಿದಿರಬೇಕಾಗಿತ್ತು ಎಂಬ ಹಾಡಿನಲ್ಲಿ, ತಾಯಿಯು ಮಗುವನ್ನು ವಿಡಿಯೋ ಅಂಗಡಿಯೊಂದರಲ್ಲಿ ಬಿಟ್ಟುಹೋದ ಪ್ರಸಂಗವಿದೆ. ಇದಕ್ಕಿಂತ ಶೋಕೋದ್ದೀಪಕವಾದ ವಿಭಾವ ಬೇಕೆ? ಸಾಮಾನ್ಯನಾದರೆ ಇಲ್ಲಿ ನಿಂತು ಗೋಳಿಡುತ್ತಿದ್ದನು. ಇವನು ಅದನ್ನು ಹೇಳುವಷ್ಟು ಹೇಳಿ ಮುಂದೆ ಸರಿಯುತ್ತಾನೆ. ಆಗ ತನಗೆ ಮೂರೋ ನಾಲ್ಕೋ ವಯಸ್ಸೆಂಬ ಸಂಶಯವನ್ನೂ ತಿದ್ದದೆ ಬಿಡುತ್ತಾನೆ. ಆ ಸಂಶಯದಲ್ಲಿಯೇ ಜೀವವಿರುವುದು. ದೂರು ಕೊಡುವವನು ತಾರೀಖನ್ನು ಸರಿಯಾಗಿ ಹೇಳುವನು. ನೆನಪಿಸಿಕೊಳ್ಳುವವನಿಗೆ ಅದು ಸರಿಯಾಗಿ ತಿಳಿಯದು.

‘ಯೂಜೀನ್’ ಎಂಬ ಐದನೆಯ ಹಾಡು ಇಂಥ ಅಲ್ಪವಸ್ತುಗಳಿಂದಲೇ ಕಟ್ಟಿದುದು. ನಿಂಬೆಯ ರುಚಿಯ ಮೊಸರು, ನೆಲಕ್ಕೆ ಬಿದ್ದ ಸಿಗರೇಟು ಬೂದಿಯ ತಟ್ಟೆ, ಈಜು ಕಲಿಸಿದ ಒಬ್ಬ ಮನುಷ್ಯ. ಆ ಮನುಷ್ಯನಿಗೆ ಸೂಫ್ಯಾನ್ ಎಂಬ ಹೆಸರು ನಾಲಗೆಗೆ ಹೊರಳದು. ಹುಡುಗನನ್ನು ಸುಬಾರು ಎಂಬ ಮೋಟಾರು ಕಾರಿನ ಹೆಸರಿನಿಂದ ಕರೆಯುತ್ತಾನೆ. ನಾನಂತೂ ನಕ್ಕೆನು. ಹಾಸ್ಯವು ಕರುಣಕ್ಕೆ ವಿರೋಧಿಯೆಂದು ಆಲಂಕಾರಿಕರು ಪಟ್ಟಿಮಾಡಿದ್ದಾರಾದರೂ, ವಿರೋಧಿಯಾದುದು ಅಂಗವಾಗಿ ಬಂದರೆ ದೋಷವಿಲ್ಲವೆಂದು ಆನಂದವರ್ಧನನೇ ದಾರಿ ಮಾಡಿಕೊಟ್ಟಿದ್ದಾನೆ. ಇಲ್ಲಿ ನಗು ಬಂದ ಮರುಕ್ಷಣವೇ, ಆ ಈಜುಗಾರನು ತಂದೆಯಂತೆ ತಲೆಯ ಮೇಲೆ ನೀರೆರೆದನೆಂಬ ಸೂಚನೆಯು ಬರುತ್ತದೆ. ಕ್ರೈಸ್ತರಲ್ಲಿ ತಲೆಯ ಮೇಲೆ ನೀರೆರೆದು ಹೆಸರಿಡುವ ಸಂಸ್ಕಾರವುಂಟು. ಹೆತ್ತವರು ಹತ್ತಿರವಿಲ್ಲದ ಹುಡುಗನಿಗೆ ಯಾವನೋ ಪರಕೀಯನು ಕೊಳದಲ್ಲಿ ಆ ಸಂಸ್ಕಾರವನ್ನು ಮಾಡಿದನು, ಅದರಲ್ಲಿಯೂ ತಪ್ಪು ಹೆಸರಿನಿಂದ. ಇದು ವಾಚ್ಯವಲ್ಲ. ಕೇಳುವವನು ತಾನೇ ಹೋಗಿ ಮುಟ್ಟಬೇಕಾದ ಅರ್ಥ.

ಸ್ಥಳನಾಮಗಳ ವಿಚಾರವು ಇನ್ನೂ ರಮಣೀಯವಾಗಿದೆ. ಉತ್ತರರಾಮಚರಿತದ ಮೂರನೆಯ ಅಂಕದಲ್ಲಿ ರಾಮನು ಜನಸ್ಥಾನಕ್ಕೆ ಬಂದು ಗಿಡಮರ ಗುಡ್ಡಗಳನ್ನು ಕಾಣುವನು. ಒಂದೊಂದು ವಸ್ತುವೂ ಒಂದೊಂದು ಗಾಯದ ಬಾಯಿಯನ್ನು ತೆರೆಯುವುದು. ಸೀತೆಯು ಅಲ್ಲಿಯೇ ಅದೃಶ್ಯಳಾಗಿ ನಿಂತಿದ್ದಾಳೆ. ಸ್ಟೀವನ್ಸ್ ಅವರ ಹಾಡುಗಳಲ್ಲಿ ಮಗನು ಸ್ಪೆನ್ಸರ್ ಬ್ಯೂಟ್ ಎಂಬ ಗುಡ್ಡ, ಎಮರಲ್ಡ್ ಪಾರ್ಕು, ಕಾಟೇಜ್ ಗ್ರೋವಿನ ಮಾಡು ಹೊದಿಸಿದ ಸೇತುವೆ, ಹೀಗೆ ಅಲೆಯುತ್ತಾನೆ. ಅಮೆರಿಕವನ್ನು ಕಾಣದ ನನಗೆ ಈ ಹೆಸರುಗಳಿಂದ ಏನಾಗಬೇಕು? ಏನೂ ಆಗಬಾರದು. ಆದರೂ ಆಗುತ್ತದೆ. ಗೋದಾವರಿಯ ತೀರವನ್ನು ಕಾಣದವನಿಗೂ ಜನಸ್ಥಾನವು ತನ್ನ ಊರಾಗುವುದು ಹೇಗೋ ಹಾಗೆಯೇ ಇದೂ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವು ವಿಶೇಷವನ್ನು ಅಳಿಸಿ ನಡೆಯುವ ವ್ಯಾಪಾರವೆಂದು ನಾವು ಎಷ್ಟೋ ಸಲ ಪಾಠ ಹೇಳುತ್ತೇವೆ. ಹಾಗಲ್ಲವೆಂದು ಈಗ ತೋರುತ್ತದೆ. ವಿಶೇಷವು ಅತ್ಯಂತ ವಿಶೇಷವಾಗಿ, ಹೆಸರು ಸಹಿತವಾಗಿ ಬಂದಾಗಲೇ ಅದು ಕರ್ತೃವಿನ ಕೈಬಿಟ್ಟು ಕೇಳುವವನ ಕೈಸೇರುವುದು. ‘ನನಗೆ ದುಃಖವಾಯಿತು’ ಎಂಬ ಸಾಮಾನ್ಯವಾಕ್ಯವು ಹೇಳಿದವನದಾಗಿಯೇ ಉಳಿಯುತ್ತದೆ. ನಿಂಬೆಯ ಮೊಸರು ಎಲ್ಲರದಾಗುತ್ತದೆ.

ಸಂಪುಟದ ಹೃದಯವೆನ್ನಬೇಕಾದುದು ‘ಫೋರ್ತ್ ಆಫ್ ಜುಲೈ’ ಎಂಬ ಹಾಡು. ಜುಲೈ ನಾಲ್ಕು ಅಮೆರಿಕದವರ ಸ್ವಾತಂತ್ರ್ಯದಿನ. ರಾತ್ರಿ ಬಾಣಬಿರುಸುಗಳನ್ನು ಹಾರಿಸುವರು. ತಾಯಿ ಸತ್ತುದು ಡಿಸೆಂಬರಿನಲ್ಲಿ. ಆದ ಕಾರಣ ಶೀರ್ಷಿಕೆಯು ತಿಥಿಯನ್ನು ಹೇಳುವುದಲ್ಲ. ಕ್ಷಣಕಾಲ ಬೆಳಗಿ ಆರುವ ಬೆಳಕನ್ನು ಧ್ವನಿಸುವುದು. ಹಾಡಿನಲ್ಲಿ ಮಗನೂ ಮೃತಳಾದ ತಾಯಿಯೂ ಒಬ್ಬರಿಗೊಬ್ಬರು ಮಾತನಾಡುತ್ತಾರೆ. ಹಕ್ಕಿಗಳ ಹೆಸರು, ಮಿಂಚುಹುಳುವಿನ ಹೆಸರು, ಕಡೆಗೆ ಫ್ರಾನ್ಸಿನ ಅರಮನೆಯೊಂದರ ಹೆಸರು, ಇವುಗಳಿಂದ ಪರಸ್ಪರ ಕರೆದುಕೊಳ್ಳುತ್ತಾರೆ. ಅರಮನೆಯ ಹೆಸರೇಕೆಂದು ಕೇಳುವವರು ಮಕ್ಕಳನ್ನು ಮುದ್ದಾಡಿದವರಲ್ಲ. ಬದುಕಿದ್ದಾಗ ಆಡದೆ ಉಳಿದ ಮುದ್ದಿನ ಮಾತುಗಳನ್ನೆಲ್ಲ ಇಲ್ಲಿ ಮಗನು ತಾಯಿಯ ಬಾಯಲ್ಲಿ ಆಡಿಸಿಕೊಳ್ಳುತ್ತಿದ್ದಾನೆ. ಛಾಯಾಸೀತೆಯ ಸ್ಪರ್ಶದಿಂದ ರಾಮನು ಚೇತರಿಸಿಕೊಂಡಂತೆ ಈ ಮಗನು ಒಂದು ಛಾಯೆಯ ಮಾತಿನಿಂದ ಚೇತರಿಸಿಕೊಳ್ಳುತ್ತಾನೆ. ವ್ಯತ್ಯಾಸವಿಷ್ಟೆ: ಸೀತೆಯು ನಿಜವಾಗಿ ಅಲ್ಲಿದ್ದಳು.

ಇದೇ ಹಾಡಿನ ನಡುವೆ ಟಿಲ್ಲಮೂಕಿನ ಕಾಡುಗಿಚ್ಚಿನ ಉಲ್ಲೇಖವು ಮಿಂಚಿನಂತೆ ಬಂದುಹೋಗುವುದು. ಆರೆಗಾನಿನವರಿಗೆ ಇದು ವಿವರಿಸಬೇಕಾದ ಮಾತಲ್ಲ. 1933ರಲ್ಲಿ ಅಲ್ಲಿಯ ಮಹಾರಣ್ಯವು ಹೊತ್ತಿ ಉರಿಯಿತು. 1939ರಲ್ಲಿ, 1945ರಲ್ಲಿ, 1951ರಲ್ಲಿ, ಆರು ಆರು ವರ್ಷಗಳಿಗೊಮ್ಮೆ ಅದೇ ನೆಲದಲ್ಲಿ ಮತ್ತೆ ಮತ್ತೆ ಬೆಂಕಿ ಬಿದ್ದಿತು. ಒಟ್ಟು ಮೂರೂವರೆ ಲಕ್ಷ ಎಕರೆಗೂ ಮೀರಿ ಸುಟ್ಟಿತು. ಆಮೇಲೆ ಜನರು, ಶಾಲೆಯ ಮಕ್ಕಳೂ ಕೂಡ, ಸಸಿಗಳನ್ನು ನೆಟ್ಟು ಕಾಡನ್ನು ಪುನಃ ಬೆಳೆಯಿಸಿದರು. ಒಂದೇ ಮನೆತನದಲ್ಲಿ ತಿರುತಿರುಗಿ ಬೀಳುವ ಬೆಂಕಿ, ಆ ಬಳಿಕ ನಿಧಾನವಾಗಿ ಏಳುವ ಹಸುರು, ಎರಡೂ ಆ ಒಂದು ಹೆಸರಿನಲ್ಲಿ ಅಡಗಿವೆ. ಕವಿಯು ಹಸುರಿನ ಮಾತನ್ನು ಎತ್ತುವುದೇ ಇಲ್ಲ. ಎತ್ತಿದ್ದರೆ ಉಪದೇಶವಾಗುತ್ತಿತ್ತು.

ಹಾಡಿನ ಅಂತ್ಯದಲ್ಲಿ ಮರಣವು ಎಲ್ಲರಿಗೂ ಸಮಾನವೆಂಬ ಒಂದೇ ಭಾವವನ್ನು ಹಲವು ಸಲ ಆವರ್ತಿಸುತ್ತಾನೆ. ಇಲ್ಲಿ ಶಾಸ್ತ್ರಜ್ಞರು ತಡೆಯಬಹುದು. ರಸವನ್ನು ಪುನಃ ಪುನಃ ಉದ್ದೀಪಿಸುವುದು ದೋಷವೆಂದು ಹೇಳಿ ಮಮ್ಮಟನು ಕುಮಾರಸಂಭವದ ರತಿವಿಲಾಪವನ್ನೇ ಉದಾಹರಿಸಿದ್ದಾನೆ. ಕಾಳಿದಾಸನಿಗೇ ಇಲ್ಲದ ವಿನಾಯಿತಿ ಇವರಿಗೇಕೆ? ನನ್ನ ಉತ್ತರ ಹೀಗೆ. ರತಿಯ ವಿಲಾಪದಲ್ಲಿ ಪ್ರತಿಸಲವೂ ಶೋಕವು ಹೊಸದಾಗಿ ಹೊತ್ತಿಕೊಳ್ಳುತ್ತದೆ. ಇಲ್ಲಿ ಆವೃತ್ತಿಯಾದಂತೆಲ್ಲ ಶೋಕವು ಇಳಿಯುತ್ತದೆ. ಮೊದಲ ಸಲ ಬೆದರಿಸಿದ ಮಾತು ಕಡೆಯ ಸಲಕ್ಕೆ ಲಾಲಿಯ ಪಲ್ಲವಿಯಂತೆ ಕೇಳುತ್ತದೆ. ಇದು ಮೆಲುದನಿಯ ಮೂಲಮುದ್ರಣಕ್ಕೆ ಮಾತ್ರ ಸಲ್ಲುವ ಸಮಾಧಾನ. 2017ರಲ್ಲಿ ಹೊರಬಂದ ರಂಗಮುದ್ರಣದಲ್ಲಿ ಇದೇ ಭಾಗವನ್ನು ತುಂಬಿದ ವಾದ್ಯಮೇಳದೊಡನೆ ಲಂಬಿಸಿದ್ದಾರೆ. ಅಲ್ಲಿ ಮಮ್ಮಟನ ಮಾತು ನಿಲ್ಲುತ್ತದೆಂದೇ ನನ್ನ ಮತ. ನನ್ನ ಶಿಷ್ಯನಿಗೆ ಇದು ಒಪ್ಪಿಗೆಯಿಲ್ಲ.

ಎಲ್ಲ ಹಾಡುಗಳೂ ಈ ಮಟ್ಟದವೆಂದು ಹೇಳಲಾರೆನು. ‘ದಿ ಓನ್ಲಿ ಥಿಂಗ್’ ಎಂಬಲ್ಲಿ ಮಗನು ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುವ ಯೋಚನೆಯವರೆಗೆ ಹೋಗಿ, ನಕ್ಷತ್ರಮಂಡಲಗಳ ಅದ್ಭುತವನ್ನು ಹಿಡಿದುಕೊಂಡು ಹಿಂದಿರುಗುತ್ತಾನೆ. ಅದ್ಭುತವು ಕರುಣವನ್ನು ಕೈಹಿಡಿದೆತ್ತುವ ಈ ಕ್ರಮವು ಶ್ಲಾಘ್ಯ. ‘ಜಾನ್ ಮೈ ಬಿಲವೆಡ್’ ಎಂಬುದು ಕ್ಲಿಷ್ಟ; ಅಲ್ಲಿಯ ಸಂಬೋಧನೆಯು ಪ್ರಿಯನಿಗೋ ದೇವರಿಗೋ ಎಂದು ತಡಕುವುದರಲ್ಲಿಯೇ ರಸವು ಸೋರಿಹೋಗುತ್ತದೆ. ‘ನೋ ಷೇಡ್ ಇನ್ ದಿ ಷ್ಯಾಡೋ ಆಫ್ ದಿ ಕ್ರಾಸ್’ ಎಂಬಲ್ಲಿ ಶಿಲುಬೆಯ ನೆಳಲೇ ಆಶ್ರಯವೆಂಬ ಕ್ರೈಸ್ತಸ್ತೋತ್ರಗಳ ರೂಢಿಯನ್ನು ತಿರುವಿಹಾಕಿರುವ ಶೀರ್ಷಿಕೆಯು ತೀಕ್ಷ್ಣವಾಗಿದೆ. ಆದರೆ ದುರ್ವ್ಯಸನಗಳನ್ನು ತೋಡಿಕೊಳ್ಳುವ ಒಳಭಾಗದಲ್ಲಿ ಏಕವಚನದ ಮಗನು ಮರೆಯಾಗಿ ಬಹುವಚನದ ಸ್ಟೀವನ್ಸ್ ಅವರೇ ಎದುರಿಗೆ ಬಂದು ನಿಂತಂತಾಗುತ್ತದೆ. ಆಗ ಕೇಳುವವನು ಸಹೃದಯನಾಗಿ ಉಳಿಯದೆ ಅವರ ಆರೋಗ್ಯದ ವಿಷಯದಲ್ಲಿ ಚಿಂತಿಸುವ ನೆರೆಯವನಾಗುತ್ತಾನೆ. ಅಭಿನವಗುಪ್ತನು ಹೆದರಿದುದು ಇದಕ್ಕೇ.

ಕೊನೆಯ ಹಾಡಿನ ಹೆಸರು ‘ಬ್ಲೂ ಬಕೆಟ್ ಆಫ್ ಗೋಲ್ಡ್’: ಚಿನ್ನ ತುಂಬಿದ ನೀಲಿ ಬಕೇಟು. ಇದರ ಹಿಂದೆ ಆರೆಗಾನಿನ ಒಂದು ಐತಿಹ್ಯವಿದೆ. 1845ರಲ್ಲಿ ಸ್ಟೀಫನ್ ಮೀಕ್ ಎಂಬವನನ್ನು ನಂಬಿ ಹೊರಟ ವಲಸೆಗಾರರ ಬಂಡಿಗಳು ಪೂರ್ವ ಆರೆಗಾನಿನ ಬಂಜರಿನಲ್ಲಿ ದಾರಿತಪ್ಪಿದವು. ಆ ಸಂಕಟದ ನಡುವೆ ಮಕ್ಕಳು ಹೊಳೆಯಲ್ಲಿ ಹಳದಿಯ ಕಲ್ಲುಗಳನ್ನು ಆಯ್ದು ನೀಲಿಯ ಬಕೇಟಿನಲ್ಲಿ ಹಾಕಿಕೊಂಡು ಆಡಿದರಂತೆ. ಅವು ಚಿನ್ನವೆಂದು ಹಿರಿಯರಿಗೆ ಹೊಳೆದುದು ವರ್ಷಗಳ ಮೇಲೆ. ಹುಡುಕಿಹೋದವರಾರಿಗೂ ಆ ಜಾಗವು ಸಿಕ್ಕಲಿಲ್ಲ. ಹಾಡಿನೊಳಗೆ ಈ ಕಥೆಯನ್ನು ಹೇಳಿಲ್ಲ, ಹೆಸರನ್ನಿಟ್ಟು ಸುಮ್ಮನಾಗಿದ್ದಾನೆ. ಮೂರು ಬೇಸಿಗೆಗಳಲ್ಲಿ ಆಯ್ದ ಕಲ್ಲುಗಳೆಷ್ಟು ಬೆಲೆಯವೆಂದು ಈಗ ತಿಳಿದಿದೆ; ಹೊಳೆಗೆ ದಾರಿಯಿಲ್ಲ. ಇಷ್ಟು ಅಲ್ಪಾಕ್ಷರದ ಧ್ವನಿಯನ್ನು ಈಚಿನ ಕಾಲದ ಕೃತಿಗಳಲ್ಲಿ ನಾನು ಹೆಚ್ಚಾಗಿ ಕಂಡಿಲ್ಲ. ಹಾಡಿನ ಕೊನೆಯಲ್ಲಿ ಮಾತು ನಿಂತು, ಅರ್ಥವಿಲ್ಲದ ನಾದವು ಬಹಳ ಹೊತ್ತು ತೇಲುತ್ತದೆ. ಸಂಪುಟದ ಇತರ ಕೆಲವು ಹಾಡುಗಳೂ ಹೀಗೆಯೇ ಮುಗಿಯುತ್ತವೆ. ಭವಭೂತಿಯು ವಾಲ್ಮೀಕಿಯ ಕಥೆಯನ್ನು ತಿದ್ದಿ ಕೊನೆಯಲ್ಲಿ ಸೀತಾರಾಮರನ್ನು ಕೂಡಿಸಿದನು. ಸ್ಟೀವನ್ಸ್ ಅವರಿಗೆ ತಿದ್ದುವ ಸ್ವಾತಂತ್ರ್ಯವಿರಲಿಲ್ಲ. ಹಾಗೆಂದು ಸಮಾಧಾನವೇ ಇಲ್ಲವೆನ್ನಲಾಗದು. ವಿಡಿಯೋ ಅಂಗಡಿಯ ಹಾಡಿನ ಉತ್ತರಾರ್ಧದಲ್ಲಿ ಗತಿಯು ಚುರುಕಾಗಿ, ಅಣ್ಣನಿಗೆ ಹುಟ್ಟಿದ ಹೆಣ್ಣುಮಗುವಿನ ಬೆಳಕು ಬರುತ್ತದೆ. ಕುಶಲವರ ಮುಖದಲ್ಲಿ ರಾಮನು ಜಾನಕಿಯ ಹೋಲಿಕೆಯನ್ನು ಕಂಡುದಕ್ಕೆ ಇದು ಸಮನಾದ ಸ್ಥಳ. ಹನ್ನೊಂದರಲ್ಲಿ ಎರಡನೆಯ ಹಾಡಿಗೇ ಆ ಬೆಳಕನ್ನು ತೋರಿಸಿ, ಆಮೇಲೆ ಕತ್ತಲೆಗೆ ಇಳಿಯುವುದು ಮಾತ್ರ ವಿಚಿತ್ರ. ಗುಣವಾಗುವ ಮನಸ್ಸು ಮೆಟ್ಟಿಲು ಹತ್ತಿದಂತೆ ಗುಣವಾಗುವುದಿಲ್ಲವಷ್ಟೆ.

ಈಗ 2025ರ ಸಂಕೋಚದ ಮಾತಿಗೆ ಬರೋಣ. ಅದನ್ನು ವಿನಯವೆಂದು ತಳ್ಳಿಹಾಕಲು ನಾನು ಸಿದ್ಧನಲ್ಲ. ಸೀತೆಯು ಭವಭೂತಿಯ ತಾಯಿಯಲ್ಲ. ಆಕೆಯ ವಿಷಯದಲ್ಲಿ ಏನು ಬರೆದರೂ ಯಾರ ಮನೆಯ ಬಾಗಿಲೂ ತೆರೆಯುವುದಿಲ್ಲ. ಕ್ಯಾರಿಯಾದರೋ ಬದುಕಿದ್ದ ಹೆಂಗಸು. ಆಕೆಯ ರೋಗ, ಆಕೆಯ ತಪ್ಪು, ಆಕೆಯ ಮರಣ ಇವೆಲ್ಲ ಆಕೆಯನ್ನು ಕೇಳದೆಯೇ ಲೋಕಕ್ಕೆ ಹೋದವು. ಇದಕ್ಕೆ ಪರಿಹಾರವು ನಮ್ಮ ಅಲಂಕಾರಶಾಸ್ತ್ರದಲ್ಲಿಲ್ಲ, ಏಕೆಂದರೆ ಇಂಥ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಒಂದನ್ನು ಮಾತ್ರ ಹೇಳಬಲ್ಲೆನು. ಸ್ಟೀವನ್ಸ್ ಅವರು ಇಲ್ಲವೆನ್ನುವ ಅಧಿಕಾರವನ್ನು ಹಾಡಿನೊಳಗಿನ ಮಗನು ಎಲ್ಲಿಯೂ ವಹಿಸಿಕೊಂಡಿಲ್ಲ. ಅವನು ತಾಯಿಯನ್ನು ವಿವರಿಸುವುದಿಲ್ಲ, ತೀರ್ಪು ಕೊಡುವುದಿಲ್ಲ. ತನಗೆ ನೆನಪಿರುವ ತಟ್ಟೆ ತಪ್ಪಲೆಗಳನ್ನು ತೋರಿಸಿ, ನೆನಪಿಲ್ಲದುದನ್ನು ನೆನಪಿಲ್ಲವೆನ್ನುತ್ತಾನೆ. ಹತ್ತು ವರ್ಷಗಳ ಮೇಲೆ ಮನುಷ್ಯರು ಒಪ್ಪಿಕೊಂಡ ಅಜ್ಞಾನವನ್ನು ಕೃತಿಯು ಮೊದಲೇ ಒಪ್ಪಿಕೊಂಡಿತ್ತು. ನಾಚುತ್ತಿರುವವರು ಬಹುವಚನದವರು. ಏಕವಚನದವನಿಗೆ ನಾಚುವ ಕಾರಣವಿಲ್ಲ. ಅಭಿನವಗುಪ್ತನ ಎಚ್ಚರಿಕೆಯನ್ನು ಹೀಗೆ ಓದಿಕೊಳ್ಳಬಹುದೆಂದು ತೋರುತ್ತದೆ: ಶೋಕವು ಮುನಿಯದಾಗಿರಕೂಡದೆಂದಲ್ಲ, ಶ್ಲೋಕವಾದ ಮೇಲೆ ಅದನ್ನು ಮುನಿಯದೆಂದು ನಾವು ತಿಳಿಯಕೂಡದೆಂದು. ಲೋಚನದ ಪಂಕ್ತಿಗೆ ಇದು ನೇರವಾದ ಅರ್ಥವಲ್ಲವೆಂದು ಬಲ್ಲವರು ಹೇಳುವರು. ಪಂಕ್ತಿಗೆ ಅಲ್ಲದಿದ್ದರೂ ವಸ್ತುಸ್ಥಿತಿಗೆ ಇದು ಹೊಂದುತ್ತದೆಂಬುದು ನನ್ನ ವಾದ.

‘ಯೂಜೀನ್’ ಹಾಡಿನ ತುದಿಯಲ್ಲಿ, ಕೇಳಬೇಕಾದವಳೇ ಕೇಳದಿರುವಾಗ ಹಾಡಿ ಪ್ರಯೋಜನವೇನೆಂಬ ಸಂಶಯವನ್ನು ಮಗನು ಎತ್ತಿ, ಉತ್ತರವನ್ನು ಹೇಳದೆ ನಿಲ್ಲಿಸುತ್ತಾನೆ. ಕಾವ್ಯಪ್ರಯೋಜನಗಳನ್ನು ಯಶಸ್ಸು ಮೊದಲಾಗಿ ಎಣಿಸುವುದು ನಮ್ಮ ಮೊದಲನೆಯ ಪಾಠ. ಆ ಎಣಿಕೆಯಲ್ಲಿ ಇವನ ಸಂಶಯಕ್ಕೆ ನೇರವಾದ ಉತ್ತರವು ನನಗೆ ಕಾಣಲಿಲ್ಲ. ಶಿಷ್ಯನಿಗೆ ಹಾಗೆಯೇ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳು ಕೇಳಲಿಲ್ಲ, ಗುರುಗಳೇ. ನಾನು ಕೇಳಿದೆ” ಎಂದನು. ಈ ವರ್ಷ ಆ ಪ್ರಕರಣವು ಬಂದಾಗ ಸಿದ್ಧೋತ್ತರಗಳಿಗೆ ಮೊದಲು ಈ ಐದನೆಯ ಹಾಡನ್ನು ತರಗತಿಯಲ್ಲಿ ಕೇಳಿಸಬೇಕೆಂದಿದ್ದೇನೆ. ಪಾಠಶಾಲೆಯಲ್ಲಿ ಅದಕ್ಕೆ ಒಂದು ಸ್ಪೀಕರು ದೊರೆಯುವುದೋ ಇಲ್ಲವೋ ನೋಡಬೇಕು.